ಎಡ, ಬಲ, ಎರಡೂ, ರದ್ದು

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ, ಮೊಬೈಲು ನೋಡೋರು ಜಗಲಿಗೆ ಹೋಗಿ. ಕತೆ ಶುರುವಾಯಿತು.

ತಿಪಟೂರಿನ ಕಡೆ ಒಂದು ಪೇಟೆ. ಪೇಟೆಯಲ್ಲೊಂದು ಅಚ್ಚಿನ ಅಂಗಡಿ. ಅಂಗಡಿಯಲ್ಲೊಬ್ಬ ತಾಯಿ, ತಾಯಿಗೊಬ್ಬ ಮಗ. ತಾಯಿ ನೀಲಮ್ಮ, ಮಗ ಓಂಕಾರಿ. ಓಂಕಾರಿ ಬಲು ಒಳ್ಳೆಯವನು. ಎಷ್ಟು ಒಳ್ಳೆಯವನು ಅಂದರೆ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ನೋಡಿ ತೊಂದರೆ! "ಗಿರಾಕಿ ಬಂದ್ರೆ ಕೂರ್ಸೋ" ಅಂತ ತಾಯಿ ಹೇಳಿದರೆ, ನಿಂತೇ ಮಾತಾಡಿ ಹೋಗ್ತೀನಪ್ಪ ಅಂದವರನ್ನೂ ಭುಜ ಅದುಮಿ ಕೂರಿಸುವವನು.

ನೀಲಮ್ಮನ ಅಂಗಡಿಯಲ್ಲಿ ಹೆಚ್ಚಾಗಿ ಅಚ್ಚಾಗುತ್ತಿದ್ದದ್ದು ಲಗ್ನಪತ್ರಿಕೆ. ಲಗ್ನಪತ್ರಿಕೆ ಅಂದರೆ ಸುಲಭ ಅಂದುಕೊಂಡಿರಾ? ಮೊದಲು ನೀಲಮ್ಮ ಒಂದು ಕರಡು ಮಾಡಬೇಕು. ಅದರದೊಂದು ಪ್ರತಿ ಗಂಡಿನ ಮನೆಗೆ, ಇನ್ನೊಂದು ಹೆಣ್ಣಿನ ಮನೆಗೆ. ಅವರು ಅಲ್ಲಿ ಕೂತು ತಿದ್ದುತ್ತಾರೆ, ಇವರು ಇಲ್ಲಿ ಕೂತು ತಿದ್ದುತ್ತಾರೆ. ಅವರು ಅಜ್ಜನ ಹೆಸರು ಸೇರಿಸುತ್ತಾರೆ, ಇವರು ಊಟದ ಹೊತ್ತು ಬದಲಿಸುತ್ತಾರೆ. ಎರಡೂ ವಾಪಸ್ಸು ಬಂದ ಮೇಲೆ ಎರಡನ್ನೂ ಹೆಣೆದು ಒಂದು ಮಾಡಬೇಕು. ಪಜೀತಿ ಇರುವುದೇ ಅಲ್ಲಿ.

ನೀಲಮ್ಮನಿಗೆ ಮಂಡಿ ನೋವು. ಕಣ್ಣೂ ಮಂಜು. ಮಗನಿಗೆ ಈ ಕೆಲಸ ಹತ್ತಿದರೆ ಅಂಗಡಿ ಉಳಿಯುತ್ತದೆ, ಅಂಗಡಿ ಉಳಿದರೆ ಯಾರೋ ಪುಣ್ಯಾತ್ಮರು ಅವನಿಗೆ ಹೆಣ್ಣು ಕೊಡುತ್ತಾರೆ ಅಂತ ಅವಳ ಆಸೆ. ಊರವರ ಮಕ್ಕಳಿಗೆಲ್ಲ ಲಗ್ನಪತ್ರಿಕೆ ಮಾಡಿಕೊಟ್ಟ ತಾನು ಹೆತ್ತ ಮಗನ ಲಗ್ನಪತ್ರಿಕೆ ಮಾಡದೇ ಹೋಗಿಬಿಡುತ್ತೇನೋ ಅಂತ ಅವಳಿಗೆ ಹೆದರಿಕೆ. ಈ ಹೆದರಿಕೆಗೆ ಮಂಡಿ ನೋವು ಇನ್ನೂ ಜಾಸ್ತಿ.

ಒಂದು ದಿನ ಅವಳು ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಹೊರಟಳು. ಹೋಗುವಾಗ ಹೇಳಿದಳು:

"ಓಂಕಾರಿ, ಗಂಡಿನ ಕಡೇದು, ಹೆಣ್ಣಿನ ಕಡೇದು, ಎರಡೂ ತಿದ್ದಿ ಬಂದೈತೆ. ನಾನು ಬರೋ ಹೊತ್ತಿಗೆ ಎರಡನ್ನೂ ಸೇರ್ಸಿಡು."

"ಹೂಂ ಕಣಮ್ಮ."

ನೀಲಮ್ಮ ತಿರುಗಿ ಬಂದಳು. ಓಂಕಾರಿ ಗೋಂದಿನ ಡಬ್ಬಿ ಪಕ್ಕದಲ್ಲಿ ನಗುತ್ತಾ ಕೂತಿದ್ದ. ಎರಡೂ ಹಾಳೆಗಳನ್ನು ಮುಖಕ್ಕೆ ಮುಖ ಕೊಟ್ಟು ಅಂಟಿಸಿಬಿಟ್ಟಿದ್ದ!

"ಏನೋ ಇದು?"

"ಸೇರ್ಸಿದೀನಮ್ಮ. ಎಳೆದು ನೋಡು, ಬರಲ್ಲ!"

ಎಳೆದು ನೋಡಿದಳು. ಬರಲಿಲ್ಲ. ಎಣ್ಣೆ ತಿಕ್ಕಿಸಿಕೊಂಡು ಬಂದ ಮಂಡಿ ಮತ್ತೆ ಹಿಡಿದುಕೊಂಡಿತು.

"ಅಯ್ಯೋ ನನ್ನ ಕರ್ಮವೇ! ಕಾಗದ ಸೇರ್ಸೋದಲ್ವೋ ಮಂಕೇ, ಅದರಲ್ಲಿರೋ ಮಾತು ಸೇರ್ಸೋದು!"

ಇವನ ಕೈಗೆ ಕತ್ತರಿ ಬೇಡ, ಗೋಂದು ಬೇಡ ಅಂದುಕೊಂಡು ಅವಳು ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು. ಅವನು ಹೊಸದೊಂದು ಪ್ರೋಗ್ರಾಂ ಹಾಕಿಕೊಟ್ಟ. "ಅಕ್ಕ, ಸಾಫ್ಟ್‌ವೇರ್ ಬರಿಯೋರು ಇಬ್ರು ಬೇರೆ ಬೇರೆ ಬರೆದಿದ್ದನ್ನ ಒಂದು ಮಾಡೋಕೆ ಇಂಥದ್ದೇ ಬಳಸೋದು. ಎಡಕ್ಕೆ ಒಬ್ಬರದು, ಬಲಕ್ಕೆ ಇನ್ನೊಬ್ಬರದು ಟೈಪ್ ಮಾಡಿ ಹಾಕಿ. ಇಬ್ರೂ ಒಂದೇ ಸಾಲು ಮುಟ್ಟಿದ್ರೆ ಆ ಸಾಲು ಕೆಂಪಗಾಗತ್ತೆ, ಯಾವುದು ಇಟ್ಕೊಳ್ಳಲಿ ಅಂತ ಕೇಳತ್ತೆ. ಕೆಳಗೆ ನಾಕು ಗುಂಡಿ ಐತೆ ನೋಡಿ. ಎಡ, ಬಲ, ಎರಡೂ, ರದ್ದು. ಯಾವುದು ಬೇಕೋ ಒತ್ತಿ."

ನೀಲಮ್ಮ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೋಂದಿನಲ್ಲಿ ಅಂಟಿಹೋಗಿದ್ದ ಕಾರ್ಡನ್ನು ಮತ್ತೆ ಮಾಡಿಸಿದಳು. "ನೋಡು, ಎಡಗಡೆ ಗಂಡಿನ ಕಡೆಯೋರು, ಬಲಗಡೆ ಹೆಣ್ಣಿನ ಕಡೆಯೋರು. ಈ ಮದುವೇಲಿ ಛತ್ರ, ಊಟ, ಮುಹೂರ್ತ ಎಲ್ಲ ಗೊತ್ತು ಮಾಡಿರೋದು ಗಂಡಿನ ಕಡೆಯೋರೇ. ಕೆಂಪಗಾದ್ರೆ ಯೋಚ್ನೆ ಮಾಡ್ಬೇಡ, ಎಡ ಒತ್ತು. ತಿಳೀತಾ?"

"ತಿಳೀತು ಕಣಮ್ಮ. ಕೆಂಪಗಾದ್ರೆ ಎಡ."

ಆಮೇಲೆ ಇನ್ನೊಂದು ಮದುವೆಯ ಕಾರ್ಡು ಬಂತು. ನೀಲಮ್ಮ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಹೋದಳು. ಓಂಕಾರಿ ಕಂಪ್ಯೂಟರಿನ ಮುಂದೆ ಕೂತ. ಒಂದು ಸಾಲು ಕೆಂಪಗಾಯಿತು, ಎಡ ಒತ್ತಿದ. ಇನ್ನೊಂದು ಕೆಂಪಗಾಯಿತು, ಎಡ ಒತ್ತಿದ. ಕೆಂಪು, ಎಡ! ಕೆಂಪು, ಎಡ! ಸರಸರ ಮುಗಿಸಿ, ಅಚ್ಚು ಹಾಕಿ, ಕಟ್ಟು ಕಟ್ಟಿ ಕಳಿಸಿಯೂ ಬಿಟ್ಟ.

ಮಾರನೆ ದಿನ ಹೆಣ್ಣಿನ ತಂದೆ ಅಂಗಡಿಗೆ ನುಗ್ಗಿದರು. ಕೈಯಲ್ಲಿ ಕಾರ್ಡು, ಮುಖ ಕೆಂಪು.

"ಏನಮ್ಮಾ ನೀಲಮ್ಮ! ನನ್ನ ಮಗಳ ಹೆಸರೇನು?"

"ಸೌಭಾಗ್ಯ ಅಲ್ವಾ ಸ್ವಾಮಿ?"

"ಓದಮ್ಮ ಹಂಗಾದ್ರೆ! ಗಟ್ಟಿಯಾಗಿ ಓದು!"

ನೀಲಮ್ಮ ಕನ್ನಡಕ ಏರಿಸಿ ಓದಿದಳು: "ನಮ್ಮ ಮಗನಾದ ಚಿರಂಜೀವಿ ಷಡಕ್ಷರಿಯ ವಿವಾಹವು ಕುಮಾರಿ ಅವರನ್ನೇ ಕೇಳಿ ಇವಳೊಂದಿಗೆ..."

ಆಗಿದ್ದಿಷ್ಟು. ಗಂಡಿನ ಕಡೆಯವರು ಹೆಣ್ಣಿನ ಹೆಸರಿರುವ ಜಾಗದಲ್ಲಿ, ಪೂರ್ತಿ ಹೆಸರು ಗೊತ್ತಿಲ್ಲದೆ, 'ಅವರನ್ನೇ ಕೇಳಿ' ಅಂತ ಬರೆದಿದ್ದರು. ಹೆಣ್ಣಿನ ಕಡೆಯವರು ಮುದ್ದಾಗಿ ಹೆಸರು ಬರೆದು ಕಳಿಸಿದ್ದರು. ಸಾಲು ಕೆಂಪಗಾಗಿತ್ತು. ಓಂಕಾರಿ ಎಡ ಒತ್ತಿದ್ದ. ಹೆಣ್ಣಿನ ಅಪ್ಪ ಇಲ್ಲ, ಅಮ್ಮ ಇಲ್ಲ, ಊರಿಲ್ಲ, ಕೇರಿಯಿಲ್ಲ. ಅವರನ್ನೇ ಕೇಳಿ ಅನ್ನುವ ಒಬ್ಬ ಹುಡುಗಿ ಎಲ್ಲಿಂದಲೋ ಬಂದು ಷಡಕ್ಷರಿಯನ್ನು ಮದುವೆಯಾಗುತ್ತಿದ್ದಾಳೆ!

ಎದುರಿಗೆ ಪಂಚಾಕ್ಷರಯ್ಯನವರ ಹೊಲಿಗೆ ಅಂಗಡಿ. ಅಲ್ಲಿ ಅವರ ಮಗಳು ದಾಕ್ಷಾಯಿಣಿ ರವಿಕೆ ಹೊಲಿಯುತ್ತಾ ಕೂತಿದ್ದಳು. ಆ ಸಾಲು ಕೇಳಿದ್ದೇ ತಡ, ನಕ್ಕಳು ನೋಡಿ! ನಕ್ಕೂ ನಕ್ಕೂ ಬಿಕ್ಕಳಿಕೆ ಹತ್ತಿ, ರವಿಕೆಯ ತೋಳಿಗೆ ಜೇಬು ಹೊಲಿದುಬಿಟ್ಟಳು.

ನೀಲಮ್ಮ ಹೆಣ್ಣಿನ ತಂದೆಯ ಕೈ ಹಿಡಿದು ಸಮಾಧಾನ ಮಾಡಿ, ಬೇರೆ ಕಾರ್ಡು ಮಾಡಿಕೊಟ್ಟು ಕಳಿಸಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ಹೆಣ್ಣೇ ಇಲ್ದಂಗೆ ಮದುವೆ ಮಾಡಿದ್ಯಲ್ಲೋ!"

"ಕೆಂಪಗಾದ್ರೆ ಎಡ ಅಂದಿದ್ದೆ ನೀನು."

"ಅದು ಆ ಮದುವೇಗೆ ಹೇಳಿದ್ದು! ಹಿಂಗೆ ಒಬ್ಬರದನ್ನ ಬಿಡ್ತಾರೇನೋ? ಅವರೂ ಕಷ್ಟಪಟ್ಟು ಬರೆದಿರ್ತಾರೆ, ಇವರೂ ಕಷ್ಟಪಟ್ಟು ಬರೆದಿರ್ತಾರೆ. ಇನ್ಮೇಲೆ ಕೆಂಪಗಾದ್ರೆ 'ಎರಡೂ' ಒತ್ತು. ಯಾರೇ ಏನೇ ಬರೆದಿರಲಿ, ಒಂದಕ್ಷರ ಬಿಡಬೇಡ!"

"ಹೂಂ ಕಣಮ್ಮ. ಒಂದಕ್ಷರ ಬಿಡಲ್ಲ."

ಮತ್ತೊಂದು ಕಾರ್ಡು ಬಂತು. ನೀಲಮ್ಮ ಎಣ್ಣೆ ತಿಕ್ಕಿಸಿಕೊಳ್ಳಲು ಹೋದಳು. ಓಂಕಾರಿ ಕೂತ. ಕೆಂಪು, ಎರಡೂ! ಕೆಂಪು, ಎರಡೂ! ಒಂದಕ್ಷರ ಬಿಡಲಿಲ್ಲ ಪುಣ್ಯಾತ್ಮ.

ಗಂಡಿನ ಕಡೆಯವರು ಹುಡುಗನನ್ನು ಚಂದ್ರಶೇಖರ ಅಂತ ಬರೆದಿದ್ದರು, ಹೆಣ್ಣಿನ ಕಡೆಯವರು ಮನೆಯಲ್ಲಿ ಕರೆಯುವ ಹಾಗೆ ಚಂದ್ರಣ್ಣ ಅಂತ ಬರೆದಿದ್ದರು. ಕಾರ್ಡಿನಲ್ಲಿ ಹೆಣ್ಣು ಚಂದ್ರಶೇಖರನನ್ನೂ ಮದುವೆಯಾದಳು, ಚಂದ್ರಣ್ಣನನ್ನೂ ಮದುವೆಯಾದಳು. ಅದಾದರೂ ಹೋಗಲಿ ಅನ್ನಿ. ಕೊನೆಯಲ್ಲಿ 'ತಮ್ಮ ಆಗಮನವನ್ನು ಬಯಸುವವರು' ಅಂತ ಇರುತ್ತದಲ್ಲ, ಅಲ್ಲಿ ಹೆಣ್ಣಿನ ಚಿಕ್ಕಪ್ಪ ಸೋಮಶೇಖರಯ್ಯನವರ ಹೆಸರಿತ್ತು. ಅದರ ಪಕ್ಕದಲ್ಲಿ, ಬಂಗಾರದ ಬಣ್ಣದ ಅಕ್ಷರಗಳಲ್ಲಿ, ಹೀಗೆ ಅಚ್ಚಾಗಿತ್ತು: 'ಇವನ ಹೆಸರು ತೆಗೆದುಹಾಕಿ, ಹೋದ ವರ್ಷ ನಮ್ಮ ತೆಂಗಿನಕಾಯಿ ಕೆಡವಿಕೊಂಡು ಹೋಗಿದ್ದಾನೆ.'

ಕಾರ್ಡು ಊರೆಲ್ಲ ಹಂಚಿ ಆಗಿತ್ತು. ಮೊದಲನೆಯದನ್ನು ಅಕ್ಷತೆ ಸಮೇತ ಕೊಟ್ಟಿದ್ದು ಚಿಕ್ಕಪ್ಪನಿಗೇ!

ಚಿಕ್ಕಪ್ಪ ಬಂದು ಕೂಗಾಡಿದ. ಅದನ್ನು ಬರೆದಿದ್ದ ಅವನ ಅಣ್ಣ, ಹೆಣ್ಣಿನ ಅಪ್ಪ, ಬಂದು ಕೂಗಾಡಿದ. ಇಬ್ಬರು ಗಂಡರಲ್ಲಿ ತಾನು ಯಾವನು ಅಂತ ಕೇಳಿಕೊಂಡು ಮದುಮಗನೂ ಬಂದ. ಎದುರಂಗಡಿಯಲ್ಲಿ ದಾಕ್ಷಾಯಿಣಿ ಹೊಟ್ಟೆ ಹಿಡಿದುಕೊಂಡು ಮೆಷಿನ್ನಿನ ಮೇಲೆ ಕವುಚಿಕೊಂಡಿದ್ದಳು. ನೀಲಮ್ಮನಿಗೆ ಮಾತ್ರ ನಗು ಬರಲಿಲ್ಲ. ಹೆಣ್ಣಿನ ಮನೆಯವರ ಎದುರಿಗೇ ಮಗ ಹಿಂಗಾಡಿದರೆ ಯಾರು ಹೆಣ್ಣು ಕೊಟ್ಟಾರು ಅಂತ ಹಣೆ ಚಚ್ಚಿಕೊಂಡಳು.

"ಲೋ ಓಂಕಾರಿ! ತೆಗೀರಿ ಅಂತ ಬರೆದಿದ್ರೆ ಅದನ್ನೂ ಅಚ್ಚು ಹಾಕ್ತಾರೇನೋ?"

"ಒಂದಕ್ಷರ ಬಿಡಬೇಡ ಅಂದಿದ್ಯಲ್ಲಮ್ಮ!"

"ಗೊತ್ತಾಗ್ದಿದ್ರೆ ಕೇಳ್ಬೇಕು ಕಣೋ! ಬಾಯಿಲ್ವಾ ನಿಂಗೆ? ಅವರ ಮನೇಗೇ ಹೋಗಿ ಕೇಳು. ಎರಡೂ ಕಡೆಯೋರನ್ನ ಎದುರಿಗೆ ನಿಲ್ಲಿಸ್ಕೊಂಡು, ಒಂದೊಂದು ಸಾಲಿಗೂ ಇಬ್ರ ಬಾಯಲ್ಲೂ ಹೂಂ ಅನ್ಸು. ಇಬ್ರೂ ಹೂಂ ಅನ್ನೋವರ್ಗೂ ಯಾವ ಮಾತನ್ನೂ ನಿಜ ಅಂದ್ಕೋಬೇಡ!"

"ಹೂಂ ಕಣಮ್ಮ. ಇಬ್ರೂ ಹೂಂ ಅಂದ್ರೇನೇ ನಿಜ."

ಈ ಸಲ ಬಂದಿದ್ದು ಮದುವೆ ಕಾರ್ಡಲ್ಲ. ಮಂಡಿ ಬೀದಿಯ ಗುರುಪಾದಯ್ಯ ಅನ್ನೋ ಹಿರಿಯರು ತೀರಿಕೊಂಡಿದ್ದರು. ಅವರ ಹೆಸರಿನಲ್ಲಿ ಊಟ ಹಾಕಿಸುವ ಶಿವಗಣಾರಾಧನೆಯ ಕಾರ್ಡು. ದೊಡ್ಡ ಮಗ ಒಂದು ಪ್ರತಿ ತಿದ್ದಿದ್ದ, ಚಿಕ್ಕ ಮಗ ಇನ್ನೊಂದು. ನೀಲಮ್ಮ ಎಣ್ಣೆ ತಿಕ್ಕಿಸಿಕೊಳ್ಳಲು ಹೋದಳು. ಓಂಕಾರಿ ಕರಡು ಹಿಡಿದುಕೊಂಡು ಸೀದಾ ಆ ಮನೆಗೆ ಹೋದ. ಹೆಂಗಸರು ಅಳುತ್ತಾ ಕೂತಿದ್ದರು. ಇವನು ನಡುಮನೆಯಲ್ಲಿ ಇಬ್ಬರು ಮಕ್ಕಳನ್ನೂ ಎದುರುಬದುರು ನಿಲ್ಲಿಸಿದ.

"ನಿಮ್ಮಪ್ಪ ತೀರ್ಕೊಂಡ್ರು ಅಂತ ಬರೆದೈತೆ. ದೊಡ್ಡವರೇ, ಹೂಂ ಅಂತೀರಾ?"

"ಹೂಂ ಕಣಪ್ಪ," ಅಂತ ದೊಡ್ಡ ಮಗ ಕಣ್ಣೊರೆಸಿಕೊಂಡ.

"ಚಿಕ್ಕವರೇ, ನೀವು?"

ಚಿಕ್ಕ ಮಗನಿಗೆ ರೇಗಿಹೋಯಿತು. "ಇದೇನು ಕೇಳೋ ಮಾತೇನಯ್ಯ? ನಾನು ಅನ್ನಲ್ಲ ಹೋಗಯ್ಯ!"

"ಹಂಗಾದ್ರೆ ತೀರ್ಕೊಂಡಿಲ್ಲ," ಅಂದ ಓಂಕಾರಿ. ಅಳುತ್ತಿದ್ದ ಹೆಂಗಸರ ಕಡೆ ತಿರುಗಿ, "ಅಳಬೇಡಿ ಅಕ್ಕಾರೆ, ಇನ್ನೂ ಇತ್ಯರ್ಥ ಆಗಿಲ್ಲ," ಅಂತ ಸಮಾಧಾನ ಬೇರೆ ಹೇಳಿದ!

ದೊಡ್ಡ ಮಗ ತಮ್ಮನ ಮೇಲೆ ತಿರುಗಿಬಿದ್ದ. "ಅನ್ನೋದಕ್ಕೆ ನಿಂಗೇನೋ ಕಷ್ಟ?" "ನಿನ್ನ ಹೆಸರು ಮೇಲೆ ಹಾಕಿಸ್ಕೊಂಡಿದ್ದೀಯಲ್ಲ, ನೀನೇ ಅನ್ಕೋ!" ಅಂದ ತಮ್ಮ. ಕತ್ತಿನಪಟ್ಟಿ ಹಿಡಿದದ್ದೂ ಆಯಿತು, ನೆಂಟರು ಬಿಡಿಸಿದ್ದೂ ಆಯಿತು. ಓಂಕಾರಿ ಅಂಗಡಿಗೆ ಬಂದು ತಣ್ಣಗೆ ಕೂತ.

"ಕಾರ್ಡು ಎಲ್ಲೋ?" ಅಂದಳು ನೀಲಮ್ಮ.

"ಹಾಕಿಲ್ಲಮ್ಮ. ಅಜ್ಜ ತೀರ್ಕೊಂಡಿರೋದಕ್ಕೆ ಚಿಕ್ಕವರು ಒಪ್ತಾ ಇಲ್ಲ."

ನೀಲಮ್ಮ ನೆಲದ ಮೇಲೆ ಕೂತುಬಿಟ್ಟಳು. ಕೂತ ಮೇಲೆ ಏಳಲು ಮಂಡಿ ಬಿಡಲಿಲ್ಲ. ಕೂತಲ್ಲಿಂದಲೇ ಬೈದಳು.

"ಅಪ್ಪಾ ತಂದೇ! ನಿಂಗೆ ಕೈ ಮುಗೀತೀನಿ! ಇನ್ಮೇಲೆ ಎರಡು ಕಡೆಯೋರ ಮಧ್ಯೆ ಜಗಳ ಬಂತೋ, ನೀನು ಕೈ ಹಾಕ್ಲೇಬೇಡ. ಆ ಕೊನೇ ಗುಂಡಿ ಐತಲ್ಲ, ರದ್ದು. ಅದನ್ನ ಒತ್ತು. ಅವರದು ಮೊದಲು ಹೆಂಗಿತ್ತೋ ಹಂಗೆ, ಇವರದು ಮೊದಲು ಹೆಂಗಿತ್ತೋ ಹಂಗೆ ಇಟ್ಬಿಟ್ಟು, ಸುಮ್ನೆ ಬಂದು ಅಂಗಡೀಲಿ ಕೂತ್ಕೋ!"

"ಹೂಂ ಕಣಮ್ಮ. ಜಗಳ ಬಂದ್ರೆ ರದ್ದು."

ಇಷ್ಟಾದ ಮೇಲೆ ಯಾರು ಹೆಣ್ಣು ಕೊಡುತ್ತಾರೆ ಹೇಳಿ? ನೀಲಮ್ಮ ಆಸೆ ಬಿಟ್ಟಳು. ಆದರೆ ನೋಡಿ, ಒಂದು ಸಂಜೆ ಪಂಚಾಕ್ಷರಯ್ಯನವರೇ ಕತ್ತಿನಲ್ಲಿ ಅಳತೆಯ ಟೇಪು ನೇತುಹಾಕಿಕೊಂಡು ಬಂದರು. ಹಿಂದೆ ದಾಕ್ಷಾಯಿಣಿ.

"ನೀಲಮ್ಮಾರೇ, ನಮ್ಮ ಹುಡುಗಿ ನಿಮ್ಮ ಓಂಕಾರೀನೇ ಆಗ್ತೀನಿ ಅಂತ ಹಟ ಹಿಡಿದವಳೆ."

ನೀಲಮ್ಮನಿಗೆ ತನ್ನ ಕಿವಿಗೆ ಬಿದ್ದದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. "ಅಲ್ಲವ್ವಾ ದಾಕ್ಷಾಯಿಣಿ, ನನ್ನ ಮಗನ್ನ ನೋಡಿದ್ದೀಯ ತಾನೆ?"

"ದಿನಾ ನೋಡ್ತಾನೇ ಇದೀನಿ ಅತ್ತೆ. ಹೇಳಿದ ಮಾತು ಹೇಳಿದಂಗೆ ಕೇಳೋ ಗಂಡು ಈ ತಾಲ್ಲೂಕಲ್ಲಿ ಇನ್ನೊಬ್ಬ ಇದ್ರೆ ತೋರ್ಸಿ. ಹೇಳೋದು ಸರಿಯಾಗಿ ಹೇಳಿದ್ರಾಯ್ತು."

ನೀಲಮ್ಮ ಅತ್ತೇಬಿಟ್ಟಳು. ಸಂತೋಷಕ್ಕೆ ಅತ್ತಳು. ಈ ಮದುವೆಯ ಲಗ್ನಪತ್ರಿಕೆಯನ್ನು ಮಗನ ಕೈಗೆ ಕೊಡಲಿಲ್ಲ, ಕಂಪ್ಯೂಟರಿನ ಹತ್ತಿರಕ್ಕೂ ಬಿಡಲಿಲ್ಲ. ತಾನೇ ಕಣ್ಣು ಕಿರಿದು ಮಾಡಿಕೊಂಡು ಒಂದೊಂದು ಸಾಲೂ ಕೂಡಿಸಿದಳು. ಒಂದು ತಪ್ಪಿಲ್ಲದೆ ಬಂತು. ಊರವರು ತಿರುಗಿಸಿ ಮುರುಗಿಸಿ ಹುಡುಕಿದರು, ನಗಲು ಏನೂ ಸಿಗಲಿಲ್ಲ.

ಮದುವೆ ದಿನ ಬಂತು. ಛತ್ರ ತುಂಬಿತು, ವಾಲಗ ಊದಿದರು. ಗಂಡು ಬಾಸಿಂಗ ಕಟ್ಟಿಕೊಂಡು ನಿಂತ, ಹೆಣ್ಣು ಬಾಸಿಂಗ ಕಟ್ಟಿಕೊಂಡು ನಿಂತಳು. ಇಬ್ಬರ ಕೈಯಲ್ಲೂ ಹಾರ. ಜನರೆಲ್ಲ ಅಕ್ಷತೆ ಹಿಡಿದು ಕಾಯುತ್ತಿದ್ದಾರೆ. ನೀಲಮ್ಮ ಮಂಡಿ ನೋವು ಮರೆತು ತುದಿಗಾಲಲ್ಲಿ ನಿಂತಿದ್ದಾಳೆ. ಆಗ ಓಂಕಾರಿಯ ಸೋದರಮಾವ ಬಾಯಿ ಬಿಟ್ಟ.

"ಮೊದಲು ಗಂಡು ಹಾರ ಹಾಕ್ಲಿ!"

"ನಮ್ಮಲ್ಲಿ ಹೆಣ್ಣೇ ಮೊದಲು ಹಾಕೋದು!" ಅಂದಳು ದಾಕ್ಷಾಯಿಣಿಯ ಸೋದರತ್ತೆ.

"ಇದ್ಯಾವ ಸೀಮೆ ಪದ್ಧತಿ ನಿಮ್ಮದು?"

"ನಮ್ಮ ಪದ್ಧತಿ ಕೇಳೋಕೆ ನೀನ್ಯಾರಯ್ಯ?"

ನಗುನಗುತ್ತಾ ಮುಗಿಯುವ ಮಾತು. ಎಲ್ಲ ಮದುವೆಯಲ್ಲೂ ಇರುವಂಥದ್ದು. ಆದರೆ ಓಂಕಾರಿಯ ಕಿವಿ ನೆಟ್ಟಗಾಯಿತು. ಎರಡು ಕಡೆ, ಮಧ್ಯೆ ಜಗಳ!

ತನ್ನ ಹಾರವನ್ನು ಹೂವಿನವನ ಬುಟ್ಟಿಗೆ ಹಾಕಿದ. ಹೆಣ್ಣಿನ ಕೈಯ ಹಾರವನ್ನೂ ಮೆಲ್ಲಗೆ ಬಿಡಿಸಿ ಬುಟ್ಟಿಗೆ ಹಾಕಿದ. ತನ್ನ ಬಾಸಿಂಗ ಬಿಚ್ಚಿ ಮದುವೆ ಮಾಡಿಸುವ ಅಯ್ನೋರ ತಟ್ಟೆಗಿಟ್ಟ. ಹರಿವಾಣ ಹಿಡಿದುಕೊಂಡು ಸಾಲಾಗಿ ಹೋಗಿ, ಜನರ ಮುಷ್ಟಿ ಬಿಡಿಸಿ ಬಿಡಿಸಿ ಅಕ್ಷತೆ ವಾಪಸ್ಸು ತಗೊಂಡ. ಶಾಸ್ತ್ರ ಇರಬೇಕು ಅಂತ ಜನರೂ ಕೊಟ್ಟರು! ಬೀಗರ ಕೋಣೆಗೆ ಹೋಗಿ ಅವರ ಪೆಟ್ಟಿಗೆಗಳನ್ನೆಲ್ಲ ಹೊತ್ತು ಅವರು ಬಂದಿದ್ದ ವ್ಯಾನಿನೊಳಗಿಟ್ಟ. ಜಗಳದ ಗಲಾಟೆಯಲ್ಲಿ ಅವನೇನು ಮಾಡುತ್ತಿದ್ದಾನೆ ಅಂತ ಯಾರಿಗೂ ಗೊತ್ತಾಗಲೇ ಇಲ್ಲ. ಜರಿಪಂಚೆ ಮಡಿಸಿಟ್ಟು, ಹಳೇ ಅಂಗಿ ಪ್ಯಾಂಟು ಹಾಕಿಕೊಂಡು, ಹೋಗಿ ಅಂಗಡಿ ಬಾಗಿಲು ತೆಗೆದು ಕೂತ.

"ಗಂಡೆಲ್ಲಿ? ಮುಹೂರ್ತ ಮೀರ್ತಾ ಐತೆ!" ಅಂತ ಅಯ್ನೋರು ಕೂಗಿಕೊಂಡಾಗಲೇ ಎಲ್ಲರಿಗೂ ಎಚ್ಚರ. ನೀಲಮ್ಮನಿಗೆ ಮಾತ್ರ ತಕ್ಷಣ ಹೊಳೆಯಿತು. ಬಿದ್ದಂಬೀಳ ಅಂಗಡಿಗೆ ಓಡಿದಳು. ಹಿಂದೆ ಸೀರೆಯ ನೆರಿಗೆ ಎತ್ತಿ ಹಿಡಿದು ದಾಕ್ಷಾಯಿಣಿ.

"ಓಂಕಾರೀ! ಏನೋ ಮಾಡಿದೆ?"

"ರದ್ದು ಮಾಡ್ದೆ ಕಣಮ್ಮ. ಅವರದು ಅವರಿಗೆ ಇಟ್ಟಿದೀನಿ, ನಮ್ಮದು ನಮಗೆ. ಒಂದಕ್ಕಿಕಾಳೂ ಹೆಚ್ಚುಕಮ್ಮಿ ಆಗಿಲ್ಲ."

ನೀಲಮ್ಮ ಈ ಸಲ ಬೈಯಲಿಲ್ಲ. ಬಾಗಿಲಿಗೆ ಒರಗಿ ಬಿಕ್ಕಿಬಿಕ್ಕಿ ಅತ್ತಳು. ತಾನೇ ಹೇಳಿಕೊಟ್ಟ ಮಾತು ಮಗನ ಮದುವೆಯನ್ನೇ ತಿಂದುಹಾಕಿತಲ್ಲ ಅಂತ ಅವಳ ಎದೆ ಒಡೆದುಹೋಗಿತ್ತು. ತಾಯಿ ಬೈದರೆ ಓಂಕಾರಿಗೆ ಅಭ್ಯಾಸ, ಅತ್ತರೆ ಅಭ್ಯಾಸವಿಲ್ಲ. ಅವನ ಮುಖ ಚಿಕ್ಕದಾಯಿತು.

"ಅಮ್ಮ, ತಪ್ಪಾಯ್ತಾ?"

ದಾಕ್ಷಾಯಿಣಿ ಮುಂದೆ ಬಂದಳು. ಬಾಸಿಂಗ ವಾರೆಯಾಗಿತ್ತು, ಏದುಸಿರು ಬರುತ್ತಿತ್ತು. ಸೀದಾ ಹೋಗಿ ಬಲಗೈ ಚಾಚಿದಳು.

"ಎಡಗೈ ಕೊಡಿ ಇಲ್ಲಿ. ಹೂಂ. ಹಿಡ್ಕೊಳ್ಳಿ. ಇನ್ಮೇಲೆ ನಾನು ಹೇಳೋದು ಒಂದೇ ಮಾತು. ಯಾರಾದ್ರೂ ಜಗಳ ಆಡ್ಲಿ, ಕೂಗಾಡ್ಲಿ, ಏನೇ ಅನ್ಲಿ, ನನ್ನ ಬಿಡಬೇಡಿ."

"ಹೂಂ. ಬಿಡಲ್ಲ," ಅಂದ ಓಂಕಾರಿ.

ಮೂವರೂ ಛತ್ರಕ್ಕೆ ಓಡಿದರು. ಜನರಿಗೆ ಅಕ್ಷತೆ ಮತ್ತೆ ಹಂಚಿದ್ದಾಯಿತು, ಅಂಗಿ ಪ್ಯಾಂಟಿನಲ್ಲೇ ಧಾರೆಗೆ ನಿಂತದ್ದಾಯಿತು. ಸೋದರಮಾವನೂ ಸೋದರತ್ತೆಯೂ ಹೆದರಿ ಬಾಯಿ ಹೊಲಿದುಕೊಂಡಿದ್ದರು. ಅಯ್ನೋರು ತಾಳಿ ಎತ್ತಿ ಕೊಟ್ಟರು. ಓಂಕಾರಿ ಬಲಗೈಯಲ್ಲಿ ತಗೊಂಡ. ಎಡಗೈ ಅವಳ ಕೈಯಲ್ಲಿ.

"ಎರಡು ಕೈಲೂ ಕಟ್ಟಪ್ಪಾ!"

"ಆಗಲ್ಲ ಸ್ವಾಮಿ. ಬಿಡಬೇಡಿ ಅಂದವಳೆ."

"ಅಯ್ಯೋ, ಕಟ್ಟೋವರ್ಗೂ ಬಿಡೋ!"

"ಯಾರೇ ಏನೇ ಅನ್ಲಿ ಅಂದವಳೆ!"

"ಒಂದೇ ಕೈಲಿ ಗಂಟು ಹೆಂಗೋ ಬೀಳತ್ತೆ? ಹೊತ್ತು ಮೀರ್ತಲ್ಲಪ್ಪೋ!"

ನೀಲಮ್ಮ ಕಣ್ಣು ಮುಚ್ಚಿಕೊಂಡಳು. ಆಗ ದಾಕ್ಷಾಯಿಣಿ ನಕ್ಕು, ಖಾಲಿಯಿದ್ದ ತನ್ನ ಎಡಗೈಯನ್ನು ಕತ್ತಿನ ಹಿಂದಕ್ಕೆ ಹಾಕಿದಳು. ದಾರದ ಒಂದು ತುದಿ ಅವನು ಹಿಡಿದ, ಇನ್ನೊಂದು ತುದಿ ಅವಳು ಹಿಡಿದಳು. ಅವನದೊಂದು ಕೈ, ಅವಳದೊಂದು ಕೈ. ಹೊಲಿಗೆಯವಳ ಬೆರಳು ಚುರುಕು, ಒಂದು ಗಂಟು ಬಿತ್ತು. ಎರಡು ಬಿತ್ತು. ಮೂರೂ ಬಿತ್ತು! ವಾಲಗ ಮೊರೆಯಿತು, ಅಕ್ಷತೆ ಸುರಿಯಿತು. ನೀಲಮ್ಮ ಕಣ್ಣು ಬಿಟ್ಟಳು, ಅವಳಷ್ಟು ಖುಷಿಯಾದವರು ಆ ಛತ್ರದಲ್ಲಿ ಯಾರೂ ಇರಲಿಲ್ಲ.

ಆದರೆ ಓಂಕಾರಿಯ ಬಲಗೈ ಕೆಳಗಿಳಿಯಲಿಲ್ಲ. ಮೂರನೇ ಗಂಟಿನೊಳಗೆ ಅವನ ತೋರುಬೆರಳೂ ಸೇರಿಹೋಗಿತ್ತು.

ತಾಳಿಯ ಗಂಟು ಬಿಚ್ಚುವುದುಂಟೆ? ಕಟ್ಟಿದ ತಾಳಿಗೆ ಕೈ ಹಚ್ಚುವ ಧೈರ್ಯ ಯಾರಿಗಿದೆ? ಅಯ್ನೋರು ಕಿವಿ ಮುಚ್ಚಿಕೊಂಡರು, ಹೆಂಗಸರು ಕೆನ್ನೆ ಬಡಿದುಕೊಂಡರು. ಗಂಡಿನ ಬೆರಳು ಹೆಣ್ಣಿನ ಕತ್ತಿಗೆ ಕಟ್ಟಿಕೊಂಡ ಹಾಗೇ ಆರತಿಯಾಯಿತು, ಹಾಗೇ ಫೋಟೋ ಆಯಿತು, ಹಾಗೇ ನೆಂಟರು ಬಂದು ಅವನ ಮೊಣಕೈ ಕುಲುಕಿ ಹೋದರು. ಊಟದ ಪಂಕ್ತಿಗೂ ಹಾಗೇ ಕೂತರು. ಕೊನೆಗೆ ನೀಲಮ್ಮ ಒಂದು ಬಟ್ಟಲು ತುಪ್ಪ ತರಿಸಿದಳು. ಬೆರಳಿಗೆ ಸವರಿದಳು, ಗಂಟಿಗೆ ಸವರಿದಳು. ಆ ಕಡೆ ಈ ಕಡೆ ಆಡಿಸಿ ಮೆಲ್ಲಗೆ ಎಳೆದಳು. ಪುಳಕ್ಕಂತ ಬೆರಳು ಹೊರಗೆ ಬಂತು! ಗಂಟು ಗಂಟಿನ ಹಾಗೇ ಉಳಿಯಿತು. ಪಂಕ್ತಿಗೆ ಪಂಕ್ತಿಯೇ ಚಪ್ಪಾಳೆ ಹೊಡೆಯಿತು.

"ಅಬ್ಬ! ಬದುಕಿದೆ ಕಣಪ್ಪ," ಅಂದಳು ನೀಲಮ್ಮ. ಬಟ್ಟಲು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ತಿರುಗಿ ನೋಡುತ್ತಾಳೆ. ಓಂಕಾರಿ ನಾಲಿಗೆ ಕಚ್ಚಿಕೊಂಡು, ಬಲು ಜೋಪಾನವಾಗಿ, ಬೆರಳನ್ನು ಮತ್ತೆ ಗಂಟಿನೊಳಕ್ಕೆ ತೂರಿಸುತ್ತಿದ್ದ.

"ಲೋ! ಏನೋ ಮಾಡ್ತಾ ಇದೀಯ?"

"ಬಿಡಬೇಡಿ ಅಂದವಳೆ ಕಣಮ್ಮ," ಅಂದ ಓಂಕಾರಿ.